‘ಆಮೆನ್’ ಎನ್ನಲು ನಾಲಿಗೆ ಏಳುವುದಿಲ್ಲ

ಪ್ರಶ್ನೆ: ನನಗೆ 28 ವರ್ಷ. ಚೊಚ್ಚಲ ಬಸುರು, ಈಗ 26 ವಾರ. 20ನೇ ವಾರದ ಸ್ಕ್ಯಾನಿಂಗಿನಲ್ಲಿ ಮಗುವಿಗೆ ಅನೆನ್‌ಸೆಫಲಿ ಇದೆ, ತಲೆಬುರುಡೆ ಬೆಳೆದಿಲ್ಲ, ಉಳಿಯುವುದಿಲ್ಲ ಅಂದರು. ಇನ್ನೊಂದು ಕಡೆ ತೋರಿಸಿದೆವು, ಅಲ್ಲಿಯೂ ಅದೇ ಮಾತು. ಗರ್ಭ ತೆಗೆಸುವ ದಾರಿಯನ್ನೂ ಹೇಳಿದರು. ನಾವಿಬ್ಬರೂ ಕೂತು ಮಾತಾಡಿ, ದೇವರು ಕೊಟ್ಟಷ್ಟು ದಿನ ಇಟ್ಟುಕೊಳ್ಳೋಣ ಅಂತ ತೀರ್ಮಾನಿಸಿದೆವು. ನಮ್ಮದು ಹುಬ್ಬಳ್ಳಿ ಕಡೆಯ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಶುಕ್ರವಾರ ಶುಕ್ರವಾರ ಮನೆಯಲ್ಲೇ ಉಪವಾಸ ಪ್ರಾರ್ಥನೆ ಇಟ್ಟಿದ್ದಾರೆ. ಎಲ್ಲರೂ ನನ್ನ ತಲೆ ಮೇಲೆ ಕೈಯಿಟ್ಟು ‘ಮಗು ಪೂರ್ಣ ಸ್ವಸ್ಥವಾಗಿದೆ’ ಎಂದು ಘೋಷಿಸುತ್ತಾರೆ. ವಿಮೋಚನಕಾಂಡ 23:26 ಬರೆದ ಕಾರ್ಡನ್ನು ದಿಂಬಿನ ಕೆಳಗೆ ಇಟ್ಟುಕೋ ಅಂತ ಕೊಟ್ಟಿದ್ದಾರೆ. ನನಗೆ ಆಮೆನ್ ಎನ್ನಲು ನಾಲಿಗೆ ಏಳುವುದಿಲ್ಲ. ಮಗುವನ್ನು ಎಲ್ಲಿ ಮಣ್ಣು ಮಾಡೋದು ಅಂತ ಒಮ್ಮೆ ಕೇಳಿದ್ದಕ್ಕೆ ನನ್ನ ಗಂಡ ‘ನಿನ್ನ ಅವಿಶ್ವಾಸನೇ ಅಡ್ಡಿ ಆಗ್ತದ’ ಅಂದುಬಿಟ್ಟರು. ಅತ್ತೆ ‘ಯಾವ ಪಾಪದ ಫಲಾನೋ’ ಅನ್ನುತ್ತಾರೆ. ಏಳನೇ ತಿಂಗಳ ಕುಬಸ ಮಾಡಬೇಕೋ ಬೇಡವೋ ಅಂತ ಅವ್ವ ಅಳುತ್ತಾಳೆ. ನಾನು ಏನಂತ ಪ್ರಾರ್ಥಿಸಲಿ? ದೀಕ್ಷಾಸ್ನಾನ ಆಗುವ ಮೊದಲೇ ಮಗು ಹೋದರೆ? ಮುಂದೆ ಇನ್ನೊಂದು ಮಗುವನ್ನು ಯಾವ ಬಾಯಲ್ಲಿ ಕೇಳಲಿ?

ಉತ್ತರ: ತಂಗಿ, ಅತ್ತೆಯವರ ಮಾತಿನಿಂದಲೇ ಶುರು ಮಾಡುತ್ತೇನೆ. ಆ ಮುಳ್ಳು ಒಳಗೇ ಉಳಿದರೆ ನಾನು ಮಿಕ್ಕಿದ್ದೇನು ಬರೆದರೂ ನಿಮಗೆ ಹತ್ತುವುದಿಲ್ಲ. ನಾನು ಮೊದಲು ಹೆರಿಗೆ ವಾರ್ಡಿನ ನರ್ಸ್. ಥಿಯಾಲಜಿ ಓದಿ ಆಸ್ಪತ್ರೆಯ ಚಾಪ್ಲಿನ್, ಅಂದರೆ ರೋಗಿಗಳ ಜೊತೆ ಕೂತು ಪ್ರಾರ್ಥಿಸುವ ಸೇವೆಯವಳು, ಆದದ್ದು ಆಮೇಲೆ. ಹಾಗಾಗಿ ಎರಡೂ ಕಡೆಯಿಂದ ಹೇಳುತ್ತೇನೆ.

ಮಗುವಿನ ಮಿದುಳು, ಬೆನ್ನುಹುರಿ ಆಗಬೇಕಾದ ನರನಾಳ ಗರ್ಭ ಕಟ್ಟಿದ ಸುಮಾರು 28 ದಿನದೊಳಗೆ ಮುಚ್ಚಿಕೊಳ್ಳಬೇಕು. ಅದರ ಮೇಲ್ತುದಿ ತೆರೆದೇ ಉಳಿದರೆ ಆಗುವುದು ಅನೆನ್‌ಸೆಫಲಿ. 28 ದಿನ ಅಂದರೆ ಮುಟ್ಟು ತಪ್ಪಿ ಹೆಚ್ಚುಕಡಿಮೆ ಎರಡು ವಾರ. ಎಷ್ಟೋ ಹೆಂಗಸರು ಅಷ್ಟರಲ್ಲಿ ಟೆಸ್ಟನ್ನೂ ಮಾಡಿಕೊಂಡಿರುವುದಿಲ್ಲ. ನೀವು ಕೊಡ ಎತ್ತಿದ್ದು, ಗಂಡನ ಜೊತೆ ಜಗಳಾಡಿದ್ದು, ಒಂದು ಭಾನುವಾರ ಆರಾಧನೆ ತಪ್ಪಿಸಿದ್ದು, ಗ್ರಹಣದ ದಿನ ಹೊರಗೆ ಬಂದದ್ದು ಯಾವುದಕ್ಕೂ ಇದಕ್ಕೂ ಸಂಬಂಧವಿಲ್ಲ. (ಕ್ರೈಸ್ತರ ಮನೆಯಲ್ಲಿ ಗ್ರಹಣ ಯಾರು ನೋಡುತ್ತಾರೆ ಅನ್ನಬೇಡಿ, ನೋಡುತ್ತಾರೆ.) ಫೋಲಿಕ್ ಆಸಿಡ್ ಕಡಿಮೆಯಿದ್ದರೆ ಈ ತೊಂದರೆ ಹೆಚ್ಚು ಎಂಬುದು ನಿಜ. ಆದರೆ ತಪ್ಪದೆ ನುಂಗಿದವರಿಗೂ ಆಗುತ್ತದೆ. ಅಲ್ಲದೆ ನಮ್ಮಲ್ಲಿ ಬಹಳ ಹೆಂಗಸರ ಕೈಗೆ ಆ ಮಾತ್ರೆ ಬರುವುದೇ ಮೊದಲ ಚೆಕಪ್ಪಿನಲ್ಲಿ. ಅಷ್ಟೊತ್ತಿಗೆ ನಾಳ ಮುಚ್ಚುವ ಕಾಲ ಕಳೆದೇ ಹೋಗಿರುತ್ತದೆ.

ಅತ್ತೆಯವರು ಕೇಳಿದ ಪ್ರಶ್ನೆಯನ್ನೇ ಯೇಸುವಿನ ಶಿಷ್ಯರೂ ಕೇಳಿದ್ದರು. ಹುಟ್ಟುಕುರುಡನನ್ನು ನೋಡಿ, ಯಾರು ಪಾಪ ಮಾಡಿದ್ದು, ಇವನೋ ಇವನ ತಂದೆತಾಯಿಯೋ ಅಂದರು. ಇವನೂ ಅಲ್ಲ, ಇವನ ತಂದೆತಾಯಿಯೂ ಅಲ್ಲ ಎಂಬುದು ಯೋಹಾನ 9:3ರ ಉತ್ತರ. ಇದನ್ನು ತೋರಿಸಿದರೆ ಯಾರಾದರೂ ಅಪ್ಪನ ಪಾಪಕ್ಕೆ ಸತ್ತ ದಾವೀದನ ಮಗುವಿನ ಕಥೆ ತೆಗೆದೇ ತೆಗೆಯುತ್ತಾರೆ. ಅಲ್ಲಿ ಕೊಲೆ ಮಾಡಿಸಿದ ಒಬ್ಬ ರಾಜನ ಮುಂದೆ ನಾತಾನನೆಂಬ ಪ್ರವಾದಿ ನಿಂತು, ಆ ಕೊಲೆಯ ಹೆಸರು ಹಿಡಿದು ಮಾತಾಡಿದ್ದ. ನಿಮ್ಮ ಮನೆಗೆ ನಾತಾನ ಬಂದಿಲ್ಲ. ಮೊಮ್ಮಗು ಕೈತಪ್ಪುತ್ತಿರುವ ದುಃಖಕ್ಕೆ ಒಂದು ಕಾರಣ ಹುಡುಕುತ್ತಿರುವ ಮುದುಕಿ ಒಬ್ಬರಿದ್ದಾರೆ, ಅಷ್ಟೆ. ಅವರಿಗೆ ನೀವು ಉತ್ತರ ಕೊಡುತ್ತಾ ಕೂರಬೇಡಿ. ಮುಂದಿನ ಚೆಕಪ್ಪಿಗೆ ಕರೆದುಕೊಂಡು ಹೋಗಿ, ಡಾಕ್ಟರ ಬಾಯಿಂದಲೇ ಕೇಳಿಸಿ.

ಈಗ ದಿಂಬಿನ ಕೆಳಗಿನ ಕಾರ್ಡು. ನಿನ್ನ ದೇಶದಲ್ಲಿ ಗರ್ಭಸ್ರಾವವಾಗುವವರೂ ಬಂಜೆಯರೂ ಇರುವುದಿಲ್ಲ ಎಂಬುದು ಆ ವಾಕ್ಯದ ತಾತ್ಪರ್ಯ. ಹೊಸ ವರ್ಷದ ರಾತ್ರಿ ವಾಗ್ದಾನದ ಕಾರ್ಡು ಎತ್ತುವ ನಮ್ಮ ಜನಕ್ಕೆ ಇದು ಬಾಯಿಪಾಠ. ಬಸುರಿ ಇರುವ ಮನೆಗೆ ಇದನ್ನೇ ಒಯ್ಯುತ್ತಾರೆ. ಆ ಅಧ್ಯಾಯವನ್ನು ಮೇಲಿನಿಂದ ಓದಿಕೊಂಡು ಬನ್ನಿ. ಐಗುಪ್ತ ಬಿಟ್ಟು ಬಂದು ಇನ್ನೂ ಕಾನಾನ್ ಸೇರದ ಒಂದು ಜನಾಂಗಕ್ಕೆ, ಅಲ್ಲಿನ ದೇವರುಗಳಿಗೆ ಅಡ್ಡಬೀಳದೆ ನನ್ನನ್ನೇ ಸೇವಿಸಿದರೆ ನಿಮ್ಮ ನಾಡು ಹೀಗಿರುತ್ತದೆ ಎಂದು ಹೇಳಿದ ಮಾತದು. ಒಬ್ಬೊಬ್ಬ ತಾಯಿಯ ಸ್ಕ್ಯಾನ್ ರಿಪೋರ್ಟಿಗೆ ಬರೆದುಕೊಟ್ಟ ಖಾತರಿ ಅಲ್ಲ. ಅದೇ ಜನಾಂಗದ ಹನ್ನ ಮುಂದೆ ವರ್ಷ ವರ್ಷವೂ ಮಕ್ಕಳಿಲ್ಲದೆ ಅತ್ತಳು, ಊಟ ಬಿಟ್ಟಳು. ಆಕೆ ಪ್ರಾರ್ಥಿಸುವಾಗ ತುಟಿ ಮಾತ್ರ ಅಲ್ಲಾಡುತ್ತಿತ್ತು, ದನಿ ಹೊರಡುತ್ತಿರಲಿಲ್ಲ. ಕುಡಿದು ಬಂದಿದ್ದಾಳೆ ಅಂದುಕೊಂಡ ಯಾಜಕ ಏಲಿ. ಪ್ರಾರ್ಥನೆಯ ಪರಿಚಯ ಚೆನ್ನಾಗಿ ಇದ್ದವರೇ ಹೀಗೆ ಎಡವುತ್ತಾರೆ. ಕಾರ್ಡನ್ನು ಹರಿಯಬೇಡಿ, ಪ್ರೀತಿಯಿಂದ ಕೊಟ್ಟದ್ದು. ಬೈಬಲಿನ ಒಳಗೆ ಇಟ್ಟುಬಿಡಿ, ತಲೆಯ ಕೆಳಗೆ ಬೇಡ.

ದೇವರು ಈ ಮಗುವನ್ನು ಗುಣಪಡಿಸಬಲ್ಲನೇ? ಬಲ್ಲನು ಎಂದು ನಂಬಿಯೇ ನಾನೂ ಈ ಕೆಲಸದಲ್ಲಿದ್ದೇನೆ. ಹಾಗೆಂದು ವೈದ್ಯರ ಮಾತನ್ನು ನಿಮ್ಮ ಮುಂದೆ ತೆಳುವು ಮಾಡಲಾರೆ. ಈ ಸ್ಥಿತಿಯಲ್ಲಿ ಹಲವು ಮಕ್ಕಳು ಹೊಟ್ಟೆಯಲ್ಲೋ ಹೆರಿಗೆಯ ಹೊತ್ತಿನಲ್ಲೋ ತೀರಿಕೊಳ್ಳುತ್ತವೆ. ಉಸಿರಿನೊಂದಿಗೆ ಹುಟ್ಟಿದವು ಸಾಮಾನ್ಯವಾಗಿ ಕೆಲವು ಗಂಟೆ, ಕೆಲವೊಮ್ಮೆ ಕೆಲವು ದಿನ ಇರುತ್ತವೆ. ಇಷ್ಟನ್ನು ತಿಳಿದುಕೊಂಡೇ ಅದ್ಭುತವನ್ನು ಬೇಡಬಹುದು. ಬೇಡುವುದಕ್ಕೆ ಯಾವ ತಕರಾರೂ ಇಲ್ಲ. ಶುಕ್ರವಾರದ ಕೂಟದಲ್ಲಿ ನಡೆಯುತ್ತಿರುವುದು ಅದಲ್ಲ. ‘ಆಗಿದೆ’ ಎಂದು ಸಾರುವುದು, ಆಮೇಲೆ ಅದು ಆಗಿದೆ ಎಂದು ನಟಿಸುವ ಭಾರವನ್ನು ನಿಮ್ಮ ಮೇಲೆ ಹಾಕುವುದು, ನಾಳೆ ಆಗದಿದ್ದರೆ ತಪ್ಪನ್ನೂ ನಿಮ್ಮ ಮೇಲೆಯೇ ಹೊರಿಸಿ ಎದ್ದು ಹೋಗುವುದು. ನಿಮ್ಮ ನಾಲಿಗೆ ಏಳದಿರುವುದು ಈ ಮೂರನೆಯದರ ವಾಸನೆ ನಿಮಗೆ ಬಡಿದಿರುವುದರಿಂದ. ಅದನ್ನು ಅವಿಶ್ವಾಸ ಅನ್ನಲು ನಾನು ತಯಾರಿಲ್ಲ.

ದಾನಿಯೇಲನ ಪುಸ್ತಕದ ಮೂವರು ಯುವಕರು ಉರಿಯುವ ಕುಲುಮೆಯ ಬಾಯಲ್ಲಿ ನಿಂತು ಏನಂದರು? ನಾವು ಸೇವಿಸುವ ದೇವರು ನಮ್ಮನ್ನು ಬಿಡಿಸಬಲ್ಲನು. ಬಿಡಿಸದಿದ್ದರೂ ರಾಜನೇ, ನಿನ್ನ ಪ್ರತಿಮೆಗೆ ಅಡ್ಡಬೀಳುವುದಿಲ್ಲ ಎಂದರು. ನಮ್ಮ ಕೂಟಗಳಲ್ಲಿ ಮೊದಲ ಅರ್ಧಕ್ಕೆ ಹಲ್ಲೆಲೂಯ ಜೋರಾಗಿ ಬೀಳುತ್ತದೆ, ಎರಡನೆಯ ಅರ್ಧ ಕೇಳಿಸುವುದೇ ಇಲ್ಲ.

ನಿಮ್ಮ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ ಸಾಲು, ಮಗುವನ್ನು ಎಲ್ಲಿ ಮಣ್ಣು ಮಾಡೋದು ಎಂಬ ನಿಮ್ಮ ಪ್ರಶ್ನೆ. ಇದಕ್ಕಾಗಿಯೇ ಮಾರ್ಕ 14ನೇ ಅಧ್ಯಾಯವನ್ನು ಒಂದೇ ಸಲಕ್ಕೆ ಪೂರ್ತಿ ಓದಿ ಎಂದು ಹೇಳುತ್ತೇನೆ. ಗೆತ್ಸೇಮನೆ ತೋಟದಲ್ಲಿ ಯೇಸು ಮಾಡಿದ ಪ್ರಾರ್ಥನೆ ಆ ಅಧ್ಯಾಯದಲ್ಲಿದೆ ಎಂದು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು, ಅದೇ ಅಧ್ಯಾಯದ ಆರಂಭದಲ್ಲಿ, ಬೇಥಾನ್ಯದ ಒಂದು ಮನೆಯಲ್ಲಿ ಊಟ ನಡೆದಿದೆ. ಯೇಸು ಇನ್ನೂ ಬದುಕಿದ್ದಾನೆ, ಪಂಕ್ತಿಯಲ್ಲಿ ಕೂತಿದ್ದಾನೆ. ಒಬ್ಬ ಹೆಂಗಸು ಬೆಲೆಬಾಳುವ ತೈಲದ ಭರಣಿ ಒಡೆದು ಅವನ ತಲೆಯ ಮೇಲೆ ಹೊಯ್ಯುತ್ತಾಳೆ. ಕೂತವರು ಗೊಣಗುತ್ತಾರೆ, ಆಕೆಯನ್ನು ಗದರುತ್ತಾರೆ. ಆಕೆಯನ್ನು ಬಿಡಿ, ಆಕೆ ನನಗೆ ಒಳ್ಳೆಯ ಕೆಲಸ ಮಾಡಿದ್ದಾಳೆ, ಹೂಣುವುದಕ್ಕಾಗಿ ನನ್ನ ದೇಹಕ್ಕೆ ಮುಂಚಿತವಾಗಿ ತೈಲ ಹಚ್ಚಿದ್ದಾಳೆ ಎನ್ನುತ್ತಾನೆ ಯೇಸು.

ಶಿಷ್ಯರು ಆ ಹೊತ್ತಿಗೂ ಸಾವಿನ ಮಾತನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆ ಕೋಣೆಯಲ್ಲಿ ಬರಲಿರುವ ಸಾವಿಗೆ ತಕ್ಕ ಪ್ರೀತಿ ತೋರಿಸಿದವಳು ಅವಳೊಬ್ಬಳೇ, ಬೈಸಿಕೊಂಡವಳೂ ಅವಳೇ. ಅಲ್ಲಿಂದ ಸ್ವಲ್ಪ ಮುಂದೆ ಅದೇ ಯೇಸು ತೋಟದಲ್ಲಿ ನೆಲಕ್ಕೆ ಬಿದ್ದು, ತಂದೆಯೇ, ನಿನಗೆ ಎಲ್ಲವೂ ಸಾಧ್ಯ, ಈ ಪಾತ್ರೆಯನ್ನು ನನ್ನಿಂದ ತೆಗೆದುಬಿಡು ಎಂದು ಬೇಡುತ್ತಾನೆ. ಹೂಣುವ ಸಿದ್ಧತೆಯನ್ನು ಒಪ್ಪಿಕೊಂಡವನೇ ಬದುಕನ್ನೂ ಬೇಡಿದ. ಒಂದು ಇನ್ನೊಂದಕ್ಕೆ ಅಡ್ಡಿಯಾಗಲಿಲ್ಲ. ಹಾಗಿರುವಾಗ ನೀವು ಸ್ಮಶಾನದ ಜಾಗ ಕೇಳಿದ್ದು ಮಗುವಿನ ಬದುಕಿಗೆ ಅಡ್ಡ ಬರುವುದು ಹೇಗೆ?

ಇದನ್ನು ನಿಮ್ಮ ಗಂಡನ ಮುಂದೆ ವಾದದ ಹಾಗೆ ಇಡಬೇಡಿ. ಇಂಥ ಹೊತ್ತಿನಲ್ಲಿ ಗಂಡಸರಿಗೆ ಮಾಡಲು ಏನೂ ಇರುವುದಿಲ್ಲ. ಮಗು ಒದೆಯುವುದು ನಿಮಗೆ ತಿಳಿಯುತ್ತದೆ, ಅವರಿಗೆ ಹೊರಗಿನಿಂದ ಕೈಯಿಟ್ಟಷ್ಟೇ. ಅದ್ಭುತಕ್ಕಾಗಿ ಹಟ ಹಿಡಿಯುವುದೊಂದೇ ಆ ಮಗುವಿನ ಅಪ್ಪನಾಗಿ ತಾನು ಮಾಡಬಹುದಾದ ಕೆಲಸ ಅಂತ ಅವರಿಗೆ ಅನಿಸಿರಬಹುದು. ಆ ಹಟವನ್ನು ಕಿತ್ತುಕೊಂಡರೆ ಅವರ ಕೈ ಬರಿದು. ಅದರ ಬದಲು ರಾತ್ರಿ ಮಲಗುವ ಮುಂಚೆ ಇಬ್ಬರೂ ಒಂದೊಂದೇ ವಾಕ್ಯ ಪ್ರಾರ್ಥಿಸಿ. ಅವರದು ‘ಉಳಿಸಿಕೊಡು’ ಎಂದೇ ಇರಲಿ. ನಿಮ್ಮದು ನಿಮ್ಮದೇ ಆಗಿರಲಿ. ಒಬ್ಬರ ವಾಕ್ಯವನ್ನು ಇನ್ನೊಬ್ಬರು ತಿದ್ದಬಾರದು, ಕರಾರು ಅದೊಂದೇ. ಕೆಲವು ವಾರ ಕಳೆದ ಮೇಲೆ ಅವರ ವಾಕ್ಯ ತಾನಾಗಿ ಉದ್ದವಾದೀತು. ಆಗದಿದ್ದರೂ, ಹೆರಿಗೆಯ ದಿನ ಇಬ್ಬರೂ ಒಂದೇ ಕೋಣೆಯಲ್ಲಿ ಪ್ರಾರ್ಥಿಸಿ ರೂಢಿಯಾಗಿರುತ್ತದೆ.

ಏನಂತ ಪ್ರಾರ್ಥಿಸಲಿ ಎಂದು ಕೇಳಿದ್ದೀರಿ. ಮಾತು ಹೊರಡುವ ದಿನ ಹೀಗೆ ಹೇಳಬಹುದು:

‘ತಂದೆಯೇ, ನಿನ್ನಿಂದ ಆಗದ್ದು ಇಲ್ಲ. ಈ ಮಗುವನ್ನು ನನಗೆ ಉಳಿಸಿಕೊಡು. ಉಳಿಸಿಕೊಡುವುದಿಲ್ಲ ಅಂತಾದರೆ ಹೆರಿಗೆ ತನಕವಾದರೂ ಇರಲಿ, ಅದರ ಮುಖ ನೋಡುವ ಹಾಗೆ ಮಾಡು. ಅದಕ್ಕೆ ನೋವಾಗದಿರಲಿ. ಹೋಗುವ ಹೊತ್ತಿಗೆ ನನ್ನ ತೋಳಲ್ಲಿರಲಿ, ಆಮೇಲೆ ನಿನ್ನ ತೋಳಲ್ಲಿರಲಿ. ಇದು ನನಗೆ ಒಪ್ಪಿಗೆಯಾಗಿಲ್ಲ, ಆದರೂ ನಿನ್ನ ಹತ್ತಿರವೇ ಬಂದಿದ್ದೇನೆ. ಆಮೆನ್.’

‘ಒಪ್ಪಿಗೆಯಾಗಿಲ್ಲ’ ಎಂಬ ಮಾತಿಗೆ ಹೆದರಬೇಡಿ. ಕೀರ್ತನೆಗಳ ಪುಸ್ತಕದಲ್ಲಿ ಸ್ತುತಿಗಿಂತ ಗೋಳು ಕಡಿಮೆಯೇನಿಲ್ಲ. 13ನೇ ಕೀರ್ತನೆ ‘ಎಷ್ಟರವರೆಗೆ?’ ಎಂದು ದೇವರನ್ನೇ ಕೇಳುತ್ತದೆ. 88ನೆಯದು ಕತ್ತಲೆಯಲ್ಲೇ ಮುಗಿದುಹೋಗುತ್ತದೆ, ಕಡೆಗೆ ಸಮಾಧಾನದ ಒಂದು ಸಾಲೂ ಇಲ್ಲ. ಅದನ್ನು ಹಾಗೆಯೇ ಬೈಬಲಿನಲ್ಲಿ ಉಳಿಸಿಕೊಂಡಿದ್ದಾರೆ. ಸಂಜೆ ಹೊತ್ತು ಕೋಣೆಯ ಬಾಗಿಲು ಹಾಕಿಕೊಂಡು 88ನ್ನು ಗಟ್ಟಿಯಾಗಿ ಓದಿ. ಅದರಲ್ಲಿ ನೀವು ಆಡಲು ಹೆದರುತ್ತಿರುವ ಎಷ್ಟೋ ಮಾತುಗಳಿವೆ. 139ನೆಯದನ್ನು ಮಾತ್ರ ಯಾರಾದರೂ ಓದಲು ಹೇಳಿದರೆ ಅವಸರ ಮಾಡಬೇಡಿ. ತಾಯಿಯ ಗರ್ಭದಲ್ಲಿ ನೀನು ನನ್ನನ್ನು ನೇಯ್ದೆ ಎಂಬ ಸಾಲು ಬುರುಡೆ ಬೆಳೆಯದ ಮಗುವಿನ ತಾಯಿಗೆ ಚಾಟಿಯೇಟಿನ ಹಾಗೆ ಬೀಳುತ್ತದೆ. ಹಾಗಾದರೆ ನನ್ನ ಮಗುವನ್ನು ಅರ್ಧಕ್ಕೆ ಯಾಕೆ ಬಿಟ್ಟೆ ಎಂದು ಕೇಳಬೇಕೆನಿಸಿದರೆ ಕೇಳಿ. ಅದೇ ಕೀರ್ತನೆಯ 16ನೇ ವಚನದಲ್ಲಿ ದೇವರ ಕಣ್ಣು ಬಿದ್ದಿರುವುದು ಇನ್ನೂ ರೂಪುಗೊಳ್ಳದ ಪಿಂಡದ ಮೇಲೆ ಎಂಬುದು ಯಾವತ್ತೋ ಒಂದು ದಿನ ನಿಮಗೆ ಬೇಕಾಗಬಹುದು. ಈಗಲೇ ಬೇಕಾಗಲಿ ಎಂಬ ಒತ್ತಾಯ ಇಲ್ಲ.

ಇನ್ನು, ಯಾವ ಮಾತೂ ಹೊರಡದ ದಿನಗಳು. ಪ್ರೊಟೆಸ್ಟಂಟ್ ಸುಧಾರಣೆಗೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ 1542ರಲ್ಲಿ ಮಗು ಹೊಟ್ಟೆಯಲ್ಲೋ ಹೆರಿಗೆಯಲ್ಲೋ ಹೋದ ತಾಯಂದಿರಿಗಾಗಿಯೇ ಒಂದು ಸಣ್ಣ ಬರಹ ಬರೆದ. ಅವನೇ ಎಲಿಜಬೆತ್ ಎಂಬ ಮಗಳನ್ನು 1528ರಲ್ಲಿ ಹಸುಗೂಸಾಗಿ ಮಣ್ಣು ಮಾಡಿದ್ದ. ಆ ಬರಹದ ವರ್ಷವೇ 13 ವರ್ಷದ ಮಗದಲೇನಾ ಅವನ ಕಣ್ಣೆದುರು ಹೋದಳು. ಇಂಥ ತಾಯಂದಿರನ್ನು ಹೆದರಿಸಬೇಡಿ, ಇದು ಅವರ ತಪ್ಪಲ್ಲ ಎನ್ನುತ್ತಾನೆ. ಆಮೇಲೆ ಅವನು ಹೇಳುವುದು ನಿಮಗೆ ನೇರವಾಗಿ ಸೇರಿದ್ದು: ಕ್ರೈಸ್ತ ತಾಯಿಯ ನಿಟ್ಟುಸಿರು, ಬಾಯಿಗೆ ಬಾರದ ಆಸೆ, ದೇವರ ಮುಂದೆ ಆ ಮಗುವಿನ ಪರವಾದ ಪ್ರಾರ್ಥನೆಯೇ. ಅದಕ್ಕೆ ಆಧಾರವಾಗಿ ಕೆಂಪು ಸಮುದ್ರದ ದಡದಲ್ಲಿ ನಿಂತ ಮೋಶೆಯನ್ನು ತೋರಿಸುತ್ತಾನೆ. ವಿಮೋಚನಕಾಂಡ 14:15ರಲ್ಲಿ ದೇವರು ಅವನಿಗೆ ಯಾಕೆ ನನಗೆ ಮೊರೆಯಿಡುತ್ತೀ ಎನ್ನುತ್ತಾನೆ. ಹಿಂದಿನ ವಚನಗಳಲ್ಲಿ ಹುಡುಕಿದರೆ ಮೋಶೆ ದೇವರಿಗೆ ಮೊರೆಯಿಟ್ಟ ಒಂದು ಮಾತೂ ಸಿಗುವುದಿಲ್ಲ. ಎದೆ ಮಾತ್ರ ಕೂಗಿತ್ತು. ರೋಮಾಪುರದವರಿಗೆ ಬರೆದ ಪತ್ರದ 8:26ನ್ನೂ ಅವನು ಇದಕ್ಕೇ ತರುತ್ತಾನೆ: ಹೇಗೆ ಬೇಡಬೇಕೆಂದು ತಿಳಿಯದಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ಬೇಡಿಕೊಳ್ಳುತ್ತಾನೆ. ಮಗು ಒದ್ದಾಗ ಹೊಟ್ಟೆಯ ಮೇಲೆ ಕೈ ಹೋಗುತ್ತದಲ್ಲ, ಉಸಿರು ಬಿಡುತ್ತೀರಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ಶುಕ್ರವಾರದವರನ್ನು ಬರಬೇಡಿ ಅನ್ನಬೇಕಾಗಿಲ್ಲ. ಯೇಸು ಗೆತ್ಸೇಮನೆಯಲ್ಲಿ ಮೂವರನ್ನು ಹತ್ತಿರ ಕರೆದುಕೊಂಡು, ಇಲ್ಲೇ ಇದ್ದು ಎಚ್ಚರವಾಗಿರಿ ಎಂದಷ್ಟೇ ಕೇಳಿದ. ನೀವೂ ಅಷ್ಟು ಕೇಳಬಹುದು. ಕೂಟ ನಡೆಸುವ ಅಕ್ಕನಿಗೆ ಹಿಂದಿನ ದಿನವೇ ಒಂದು ವಾಟ್ಸಾಪ್ ಹಾಕಿ: ‘ಅಕ್ಕಾ, ನಾಳೆ ಘೋಷಣೆ ಬೇಡ, ತಲೆ ಮೇಲೆ ಕೈಯಿಡೋದು ಬೇಡ. ಒಂದು ಕೀರ್ತನೆ ಓದಿ, ಒಂದು ಹಾಡು ಹೇಳಿ, ಸ್ವಲ್ಪ ಹೊತ್ತು ಸುಮ್ಮನೆ ಕೂತು, ಕರ್ತನ ಪ್ರಾರ್ಥನೆ ಹೇಳಿ ಮುಗಿಸೋಣ.’ ಕರ್ತನ ಪ್ರಾರ್ಥನೆಯಲ್ಲಿ ‘ನಿನ್ನ ಚಿತ್ತ ನೆರವೇರಲಿ’ ಬಂದೇ ಬರುತ್ತದೆ. ಅದರ ಕೊನೆಗೆ ನಿಮಗೂ ಆಮೆನ್ ಅನ್ನಲು ಆದೀತು. ಕೇಳದೆ ಘೋಷಣೆ ಶುರು ಮಾಡಿದರೆ ಬೆನ್ನು ನೋವು ಅಂತ ಎದ್ದು ಒಳಗೆ ಹೋಗಿ ಮಲಗಿಕೊಳ್ಳಿ. 26 ವಾರದ ಬಸುರಿಗೆ ಬೆನ್ನು ನೋವು ಇದ್ದೇ ಇರುತ್ತದೆ, ಸುಳ್ಳೇನಲ್ಲ. ಇನ್ನೊಂದು ಮಾತು: ನಿಮಗೆ ಉಪವಾಸ ಬೇಡ. ಮಾಡುವವರು ಮಾಡಲಿ.

ಕುಬಸದ ವಿಷಯ ನಿಮ್ಮ ಮನಸ್ಸಿಗೇ ಬಿಡುತ್ತೇನೆ. ಕೆಲವರಿಗೆ ಅದು ಉಪ್ಪು ಸವರಿದ ಹಾಗಾಗುತ್ತದೆ. ಕೆಲವರಿಗೆ ಅದೊಂದೇ ಆ ಮಗುವಿಗೆ ಸಿಗುವ ಹಬ್ಬ. ಮಾಡುವುದಾದರೆ ಊರೆಲ್ಲ ಕರೆಯದೆ, ಅವ್ವ, ಅತ್ತೆ, ಬೇಕಾದ ನಾಲ್ಕು ಜನ, ಹಸಿರು ಬಳೆ, ನಿಮಗಿಷ್ಟವಾದ ಅಡುಗೆ, ಒಂದು ಪ್ರಾರ್ಥನೆ. ‘ಮುಂದಿನ ಸಲ ಗಂಡು ಮಗು’ ಅನ್ನುವವರನ್ನು ಕರೆಯಬೇಡಿ. ಈ ಮಗು ಈಗ ಇದೆ. ಅದರ ಹೆಸರಲ್ಲಿ ಒಂದು ಊಟ ಆದರೆ ತಪ್ಪಿಲ್ಲ.

ಹೆಸರು ಅಂದೆ. ಅದು ಗಂಡೋ ಹೆಣ್ಣೋ ಎಂದು ಹುಟ್ಟುವ ತನಕ ತಿಳಿಯುವ ಹಾಗಿಲ್ಲ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯಿದೆ ಇಂಥ ಸಂದರ್ಭಕ್ಕೂ ವಿನಾಯಿತಿ ಕೊಟ್ಟು ಲಿಂಗ ಹೇಳಲು ಬಿಡುವುದಿಲ್ಲ. ‘ಇಂಥ ಮಗುವನ್ನು’ ಎಂದು ಪ್ರಾರ್ಥಿಸುವುದು ಕಷ್ಟ. ಎರಡಕ್ಕೂ ಹೊಂದುವ ಹೆಸರೊಂದನ್ನು ಈಗಲೇ ಇಟ್ಟುಕೊಂಡು ಆ ಹೆಸರು ಹಿಡಿದೇ ಪ್ರಾರ್ಥಿಸಿ. ಇಲ್ಲವೇ ಮನೆಯಲ್ಲಿ ಕರೆಯುವ ಹಾಗೆ ಪಾಪು ಎಂದರೂ ನಡೆಯುತ್ತದೆ.

ಈಗ ಹೆರಿಗೆಯ ದಿನ. ಇದನ್ನೆಲ್ಲ 32 ವಾರದೊಳಗೆ ಮಾತಾಡಿ ಮುಗಿಸಿಡಿ. ಇಂಥ ಮಗು ಸರಿಯಾಗಿ ನುಂಗದ ಕಾರಣ ಹೊಟ್ಟೆಯಲ್ಲಿ ನೀರು ವಿಪರೀತ ತುಂಬಿಕೊಳ್ಳುವುದುಂಟು, ಹೆರಿಗೆ ಮುಂಚೆಯೂ ಆಗಬಹುದು. ನೋವು ತಾನಾಗಿ ಬಾರದೆ ದಿನ ಮೀರುವುದೂ ಉಂಟು. ಎರಡಕ್ಕೂ ಡಾಕ್ಟರು ಏನು ಮಾಡುತ್ತಾರೆಂದು ಕೇಳಿಟ್ಟುಕೊಳ್ಳಿ. ಮಗುವಿಗಾಗಿ ಸಿಸೇರಿಯನ್ ಮಾಡುವುದರಿಂದ ಸಾಮಾನ್ಯವಾಗಿ ಲಾಭವಿಲ್ಲ, ನಿಮಗೇ ಬೇಕಾದರೆ ಮಾತ್ರ. ಹುಟ್ಟಿದ ತಕ್ಷಣ ಟ್ಯೂಬು, ಯಂತ್ರ ಬೇಡ. ಒರೆಸಿ, ಬೆಚ್ಚಗೆ ಸುತ್ತಿ, ನಿಮ್ಮ ಎದೆಯ ಮೇಲೆ ಕೊಡಬೇಕು ಎಂದು ಬರೆದು, ಫೈಲಿನ ಮೊದಲ ಹಾಳೆಯಾಗಿ ಹಾಕಿಸಿ. ಡ್ಯೂಟಿ ಬದಲಾದಾಗ ಬರುವ ಹೊಸ ನರ್ಸಿಗೆ ನಿಮ್ಮ ಕಥೆ ಗೊತ್ತಿರುವುದಿಲ್ಲ.

ಮಗುವಿನ ರೂಪವನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಹುಬ್ಬಿನಿಂದ ಮೇಲೆ ಬುರುಡೆ ಇರುವುದಿಲ್ಲ, ಕಣ್ಣು ಸ್ವಲ್ಪ ಉಬ್ಬಿದಂತೆ ಕಾಣುತ್ತವೆ. ಮೂಗು, ತುಟಿ, ಬೆರಳು, ಉಗುರು ಸಾಮಾನ್ಯವಾಗಿ ಎಲ್ಲ ಮಕ್ಕಳ ಹಾಗೆಯೇ. ಉಣ್ಣೆಯ ಟೊಪ್ಪಿಗೆ ಎರಡು ಒಯ್ಯಿರಿ, ಒಂದು ಒದ್ದೆಯಾಗುತ್ತದೆ. ನರ್ಸ್ ಮೊದಲು ಟೊಪ್ಪಿಗೆ ಹಾಕಿ ಆಮೇಲೆ ನಿಮ್ಮ ಕೈಗೆ ಕೊಡಲಿ. ತೆಗೆದು ನೋಡಬೇಕೋ ಬೇಡವೋ ನೀವೇ ನಿಧಾನಕ್ಕೆ ನಿರ್ಧರಿಸಿ. ಮೊಹರು ಒತ್ತುವ ಇಂಕ್ ಪ್ಯಾಡು ಮತ್ತು ದಪ್ಪ ಹಾಳೆ ಇಟ್ಟುಕೊಂಡರೆ ಪಾದದ ಗುರುತು ತೆಗೆಯಬಹುದು. ಫೋಟೊ ತೆಗೆಯಲು ನಿಮ್ಮ ಕಡೆಯ ಒಬ್ಬರಿಗೆ ಹೇಳಿಡಿ. ನಮ್ಮಲ್ಲಿ ಹಿರಿಯರು ಬೇಡ, ನೋಡಬೇಡ, ಮರೆತುಬಿಡು ಎಂದು ಮಗುವನ್ನು ಬೇಗ ಸುತ್ತಿ ಒಯ್ದುಬಿಡುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ. ನಾನು ಮಾತಾಡಿಸಿದ ತಾಯಂದಿರು ಮುಖ ನೋಡಿದ್ದಕ್ಕೆ ಪಶ್ಚಾತ್ತಾಪಪಟ್ಟದ್ದಕ್ಕಿಂತ ನೋಡದಿದ್ದಕ್ಕೆ ಅತ್ತದ್ದೇ ಹೆಚ್ಚು.

ದೀಕ್ಷಾಸ್ನಾನ. ಈ ವಾರವೇ ನಿಮ್ಮ ಸಭೆಯ ಅಯ್ಯನವರ (ಪಾದ್ರಿಯವರ) ಹತ್ತಿರ ಕೂತು ಮೂರು ವಿಷಯ ಕೇಳಿ: ಫೋನು ಮಾಡಿದರೆ ಮಧ್ಯರಾತ್ರಿಗೂ ಬರುತ್ತಾರಾ, ಅವರು ಬರುವಷ್ಟು ಹೊತ್ತು ಇಲ್ಲದಿದ್ದರೆ ಯಾರು ಕೊಡಬಹುದು, ಮಗು ಉಸಿರಿಲ್ಲದೆ ಹುಟ್ಟಿದರೆ ಯಾವ ಪ್ರಾರ್ಥನೆ ಮಾಡುತ್ತಾರೆ. ಕಥೋಲಿಕ ಸಭೆಯಲ್ಲಾದರೆ ತುರ್ತಿನಲ್ಲಿ ಯಾರು ಬೇಕಾದರೂ ಕೊಡಬಹುದು, ಸಭೆಯ ಉದ್ದೇಶವೇ ತಮ್ಮ ಉದ್ದೇಶವಾಗಿದ್ದರೆ ಕ್ರೈಸ್ತರಲ್ಲದ ನರ್ಸ್ ಕೂಡ. ನೀರು ಹೊಯ್ದು, ಪಿತನ, ಸುತನ, ಪವಿತ್ರಾತ್ಮನ ಹೆಸರಿನಲ್ಲಿ ಎಂದರೆ ಆಯಿತು. ನಿಮ್ಮ ಮಗುವಿಗಾದರೆ ಒಂದು ಸ್ಟೀಲ್ ಬಟ್ಟಲಲ್ಲಿ ಬೆಚ್ಚಗಿನ ನೀರು ಸಾಕು. ತೆರೆದ ನೆತ್ತಿಯ ಮೇಲೆ ಹೊಯ್ಯದೆ ಟೊಪ್ಪಿಗೆಯ ಕೆಳಗೆ ಮುಖದ ಮೇಲೆ ಹನಿಸಲು ಅಯ್ಯನವರಿಗೆ ಮುಂಚೆಯೇ ಹೇಳಿಡಿ. ನೋಡಿ ಗೊತ್ತಿಲ್ಲದವರ ಕೈ ಆ ಕ್ಷಣಕ್ಕೆ ನಡುಗುತ್ತದೆ.

ಆಗುವ ಮೊದಲೇ ಹೋದರೆ ಎಂಬುದು ನಿಮ್ಮ ಹೆದರಿಕೆ. ಮಗು ದೇವರಿಂದ ದೂರ ಉಳಿಯುತ್ತದೆ ಎಂದು ಯಾರಾದರೂ ಹೇಳಿದ್ದರೆ ಅದನ್ನು ತಲೆಯಿಂದ ತೆಗೆದುಹಾಕಿ. ಲೂಥರ್ ಬರೆದದ್ದೇ ಈ ಪ್ರಶ್ನೆಗೆ: ದೀಕ್ಷಾಸ್ನಾನ ಕೊಡಲು ಆಗದೆ ಹೋದ ಮಗುವನ್ನು ತಾಯಿಯ ಹಂಬಲದ ಬಲದ ಮೇಲೆ ದೇವರ ಕೈಗೆ ಒಪ್ಪಿಸಬಹುದು ಎಂದ. ಇಂಥ ಮಕ್ಕಳಿಗೆ ಸ್ವರ್ಗವೂ ಅಲ್ಲದ ನರಕವೂ ಅಲ್ಲದ ಒಂದು ಎಲ್ಲೆಯನ್ನು ಕಲ್ಪಿಸುವ ವಿಚಾರ ಕಥೋಲಿಕರಲ್ಲಿ ಶತಮಾನಗಟ್ಟಲೆ ಇತ್ತು. ಅವರ ಅಂತರರಾಷ್ಟ್ರೀಯ ದೇವಶಾಸ್ತ್ರ ಆಯೋಗ 2007ರಲ್ಲಿ ಅದನ್ನು ಪರಿಶೀಲಿಸಿ, ಈ ಮಕ್ಕಳ ರಕ್ಷಣೆಯನ್ನು ನಿರೀಕ್ಷಿಸಲು ಬಲವಾದ ಆಧಾರಗಳಿವೆ ಎಂದಿತು. ದಾವೀದ ಮಗು ಸತ್ತ ಮೇಲೆ, ನಾನು ಅವನ ಬಳಿಗೆ ಹೋಗುತ್ತೇನೆ, ಅವನು ನನ್ನ ಬಳಿಗೆ ಬರುವುದಿಲ್ಲ ಎಂದ. ಆ ಮಗು ಸತ್ತದ್ದು ಏಳನೆಯ ದಿನ.

ಸ್ಮಶಾನದ ಜಾಗದ ಮಾತನ್ನು ನಿಮ್ಮ ಮಾವನೋ ಅಣ್ಣನೋ ಸಭೆಯ ಸಮಿತಿಯ ಹತ್ತಿರ ಈಗಲೇ ಆಡಿಟ್ಟಿರಲಿ, ನೀವಲ್ಲ. ದೇಹವನ್ನು ನಾವೇ ಒಯ್ಯುತ್ತೇವೆ ಎಂದು ಆಸ್ಪತ್ರೆಗೂ ಬರೆದುಕೊಡಿ. ಮಗು ಒಂದು ನಿಮಿಷ ಉಸಿರಾಡಿದ್ದರೂ ಜನನ, ಮರಣ ಎರಡನ್ನೂ 21 ದಿನದೊಳಗೆ ನೋಂದಾಯಿಸಬೇಕು. ಉಸಿರಿಲ್ಲದೆ ಹುಟ್ಟಿದರೂ ನಿರ್ಜೀವ ಜನನ ಎಂದು ನೋಂದಣಿ ಇದೆ. ನೀವು ಕೆಲಸಕ್ಕೆ ಹೋಗುವವರಾದರೆ ಹೆರಿಗೆ ರಜೆಯ ಹಕ್ಕೂ ಹೋಗುವುದಿಲ್ಲ: ಹೆರಿಗೆ ಸೌಲಭ್ಯದ ಕಾನೂನಿನಲ್ಲಿ ಮಗು ಎಂದರೆ ನಿರ್ಜೀವವಾಗಿ ಹುಟ್ಟಿದ ಮಗುವೂ ಸೇರಿದೆ.

ಯಾರೂ ಮುಂಚೆ ಹೇಳದ ಒಂದು ಸಂಗತಿ ಹಾಲು. ಹೆರಿಗೆಯಾದ ಎರಡು ಮೂರು ದಿನಕ್ಕೆ ಎದೆ ಕಟ್ಟಿಕೊಳ್ಳುತ್ತದೆ, ಮಗು ಇರಲಿ ಇಲ್ಲದಿರಲಿ. ಆ ದಿನ ಮಣ್ಣು ಮಾಡಿದ ದಿನಕ್ಕಿಂತ ಕಷ್ಟ ಎಂದವರಿದ್ದಾರೆ. ಹಾಲು ನಿಲ್ಲಿಸುವ ಮಾತ್ರೆ ಇದೆ, ಡಿಸ್ಚಾರ್ಜ್ ಆಗುವ ಮುಂಚೆ ಕೇಳಿ. ನಿದ್ದೆ ಪೂರಾ ಬಿಟ್ಟುಹೋದರೆ, ಮಗುವಿನ ಹಿಂದೆಯೇ ಹೋಗಬೇಕು ಅನಿಸತೊಡಗಿದರೆ, ಅದನ್ನು ಪ್ರಾರ್ಥನೆ ಕೂಟಕ್ಕೆ ಬಿಡಬೇಡಿ. ಡಾಕ್ಟರಿಗೆ ಹೇಳಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನು ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಗಂಡನಿಗೂ ಆ ನಂಬರು ಕೊಟ್ಟಿರಿ.

ಆಮೇಲೆ ಯಾರಾದರೂ ಬಂದು, ಸಾಕ್ಷಿ ಹೇಳು, ಇದರಿಂದ ದೇವರಿಗೆ ಮಹಿಮೆ ಎಂದು ನಿಮ್ಮನ್ನು ಸಭೆಯ ಮುಂದೆ ನಿಲ್ಲಿಸಲು ನೋಡುತ್ತಾರೆ. ನಿಲ್ಲಬೇಕಾಗಿಲ್ಲ. ಆರಾಧನೆಗೆ ಹಿಂದಿನ ಸಾಲಿನಲ್ಲಿ ಕೂತು ಮಧ್ಯದಲ್ಲೇ ಎದ್ದು ಬಂದರೂ ಸರಿ. ನಿಮ್ಮ ಜಾಗದಲ್ಲಿ ಬೇರೊಬ್ಬಳು ಗರ್ಭ ತೆಗೆಸಿದ್ದರೆ (ಗರ್ಭಪಾತ ಕಾಯಿದೆಯ 2021ರ ತಿದ್ದುಪಡಿಯಂತೆ ವೈದ್ಯಕೀಯ ಮಂಡಳಿ ಒಪ್ಪಿದರೆ 24 ವಾರ ದಾಟಿದ ಮೇಲೂ ಅವಕಾಶವಿದೆ) ಅವಳನ್ನು ಚುಚ್ಚಲು ನಿಮ್ಮ ಹೆಸರನ್ನು ಉದಾಹರಣೆಯಾಗಿ ಎತ್ತಲೂ ಬಿಡಬೇಡಿ. ಅವಳೂ ಇದೇ ಸ್ಕ್ಯಾನ್ ರಿಪೋರ್ಟು ಹಿಡಿದು ಇದೇ ದೇವರ ಮುಂದೆ ಕೂತಿರುತ್ತಾಳೆ.

ಮುಂದಿನ ಮಗುವಿನ ಪ್ರಶ್ನೆಗೆ ಈಗ ಪ್ರಾರ್ಥನೆಯ ಉತ್ತರ ಹುಡುಕಬೇಡಿ, ಈ ಮಗುವಿನ ಪಾಲಿನ ಪ್ರಾರ್ಥನೆಯೇ ಇನ್ನೂ ಮುಗಿದಿಲ್ಲ. ವೈದ್ಯಕೀಯದ ಉತ್ತರ ಮಾತ್ರ ಬರೆದಿಟ್ಟುಕೊಳ್ಳಿ. ಒಮ್ಮೆ ಹೀಗಾದವರಿಗೆ ಮತ್ತೆ ಆಗುವ ಸಂಭವ ನೂರಕ್ಕೆ ಎರಡರಿಂದ ಐದು. ಅಂದರೆ ಆಗದಿರುವ ಸಂಭವವೇ ಬಹಳ ಹೆಚ್ಚು. ಫೋಲಿಕ್ ಆಸಿಡ್ ಅದನ್ನು ಇನ್ನೂ ತಗ್ಗಿಸುತ್ತದೆ. ಆದರೆ ಎಲ್ಲರಿಗೂ ಕೊಡುವ ಸಣ್ಣ ಪ್ರಮಾಣ ನಿಮಗೆ ಸಾಲದು. ದಿನಕ್ಕೆ 4 ಮಿಲಿಗ್ರಾಂ ಬೇಕು, ನಮ್ಮಲ್ಲಿ ಸಾಮಾನ್ಯವಾಗಿ 5 ಮಿಲಿಗ್ರಾಂ ಮಾತ್ರೆ ಬರೆಯುತ್ತಾರೆ. ಗರ್ಭ ಕಟ್ಟುವ ಕನಿಷ್ಠ ಒಂದು ತಿಂಗಳ ಮುಂಚಿನಿಂದ ಹಿಡಿದು ಮೊದಲ ಮೂರು ತಿಂಗಳು, ಡಾಕ್ಟರು ಹೇಳಿದಂತೆ ನುಂಗಬೇಕು. ಮಾತ್ರೆ ನುಂಗುವುದು ಅವಿಶ್ವಾಸ ಎಂದು ಶುಕ್ರವಾರದ ಕೂಟದಲ್ಲಿ ಯಾರಾದರೂ ಅಂದರೆ, ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಬರೆದದ್ದು ಮೊದಲನೆಯ ಪತ್ರದ 5:23ರಲ್ಲಿದೆ, ತೆಗೆದು ತೋರಿಸಿ.